ದೊಡ್ಡ ಕಟ್ಟೆಗಳೂ ಬಾಧ್ಯಸ್ಥರ ಹಕ್ಕುಗಳೂ: ಕನ್ನಂಬಾಡಿಯ ಪಾಠ

ನದಿಗೆ ಅಡ್ಡಲಾಗಿ ದೊಡ್ಡ ಕಟ್ಟೆಯನ್ನು ಕಟ್ಟುವಾಗ ಎರಡು ವಿಧವಾದ ಅಪಾಯಗಳುಂಟು. ತಳಪಾಯವು ಕುಸಿಯುವುದು, ಪ್ರವಾಹವು ಬಂದು ಕೆಲಸವು ಕೊಚ್ಚಿಹೋಗುವುದು ಮೊದಲಾದುವು ಒಂದು ವಿಧ. ಇವುಗಳನ್ನು ಇಂಜನೀಯರುಗಳು ಲೆಕ್ಕ ಹಾಕಿ ನಿವಾರಿಸುವರು. ಆ ಕೆಲಸದ ಲಾಭನಷ್ಟಗಳಿಗೆ ಭಾಗಿಗಳಾದ ಜನರ ಅಸಮ್ಮತಿಯಿಂದ ಉಂಟಾಗತಕ್ಕುವು ಮತ್ತೊಂದು ವಿಧ. ಇವನ್ನು ಮುಂಚಿತವಾಗಿ ಎಣಿಸದಿದ್ದಲ್ಲಿ, ಕಲ್ಲುಗಾರೆಯ ಕೆಲಸವೆಷ್ಟೇ ಭದ್ರವಾಗಿದ್ದರೂ ಉದ್ದೇಶವು ಕೈಗೂಡಲಾರದು. ಕೃಷ್ಣರಾಜಸಾಗರದ ಚರಿತ್ರೆಯು ಇದಕ್ಕೆ ಉತ್ತಮವಾದ ನಿದರ್ಶನವಾಗಿದೆ.

ಬಾಧ್ಯಸ್ಥರು ಯಾರು?

ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆಯನ್ನು ಹಾಕುವ ಕೆಲಸವು 1911ನೆಯ ಇಸವಿಯಲ್ಲಿ ಆರಂಭವಾಯಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜನೀಯರಾಗಿದ್ದರು. ಈ ಕೆಲಸಕ್ಕೆ ನಾಲ್ಕು ವರ್ಗದ ಜನರು ಸಂಬಂಧಪಟ್ಟಿದ್ದರು: ಕೆಳಭಾಗದಲ್ಲಿ ಪೂರ್ವದಿಂದಲೂ ಕಾವೇರಿಯ ನೀರಿನಿಂದ ಬತ್ತವನ್ನು ಬೆಳೆಯುತ್ತಿದ್ದ ತಂಜಾವೂರು ಸೀಮೆಯ ರೈತರು, ಮೇಲುಭಾಗದಲ್ಲಿ ಮುಳುಗಡೆಯಾಗತಕ್ಕ ಗ್ರಾಮಗಳವರು, ಹೊಸ ನಾಲೆಯ ನೀರನ್ನು ಪಡೆಯತಕ್ಕ ಮಂಡ್ಯ ಸೀಮೆಯ ರೈತರು, ಮತ್ತು 1902ರಿಂದ ಶಿವನಸಮುದ್ರದ ವಿದ್ಯುಚ್ಛಕ್ತಿಯನ್ನು ಕೊಂಡುಕೊಳ್ಳುತ್ತಿದ್ದ ಕೋಲಾರದ ಚಿನ್ನದ ಗಣಿಗಳವರು. ಬೇಸಗೆಯಲ್ಲಿಯೂ ಹೊಳೆಯು ಒಂದೇ ಸಮನಾಗಿ ಹರಿದರೆ ಗಣಿಗಳವರಿಗೆ ಅನುಕೂಲ. ಅದೇ ನೀರು ಹೊಲಗಳಿಗೂ ಬೇಕು. ಹೀಗೆ ಒಂದೇ ಜಲಾಶಯದ ಮೇಲೆ ಹಲವರ ಕಣ್ಣಿದ್ದಿತು.

ಕೆಳಗಣ ಪ್ರಾಂತ್ಯದ ತಕರಾರು

1892ರ ಕರಾರಿನಂತೆ, ಮೈಸೂರಿನವರು ಗೊತ್ತುಮಾಡಲ್ಪಟ್ಟ ನದಿಗಳಿಗೆ ಹೊಸದಾಗಿ ನೀರಾವರಿ ಕಟ್ಟೆಗಳನ್ನು ಕಟ್ಟಬೇಕಾದರೆ ಮದರಾಸು ಸರ್ಕಾರದ ಸಮ್ಮತಿಯನ್ನು ಮೊದಲು ಪಡೆಯತಕ್ಕದ್ದಾಗಿತ್ತು. ಮದರಾಸಿನವರು ಕನ್ನಂಬಾಡಿಯಲ್ಲಿ 11 ಸಾವಿರ ದಶಲಕ್ಷ ಘನ ಅಡಿಗಳಷ್ಟು ನೀರಿಗೆ ಮಾತ್ರ ಒಪ್ಪಿದರು. ಮೈಸೂರಿನವರಾದರೋ ಮುಂದೆ 41½ ಸಾವಿರ ದಶಲಕ್ಷ ಘನ ಅಡಿಗಳನ್ನು ಹಿಡಿಯಲು ತಕ್ಕಷ್ಟು ಅಗಲವಾದ ತಳಪಾಯವನ್ನು ಹಾಕಿದರು. ಇಂಜನೀಯರ ದೃಷ್ಟಿಯಿಂದ ಇದು ದೂರಾಲೋಚನೆ. ಕೆಳಗಣವರ ದೃಷ್ಟಿಯಿಂದ ಇದೇ ಸಂಶಯಕ್ಕೆ ಕಾರಣ.

ವ್ಯಾಜ್ಯವು ಮಧ್ಯಸ್ಥಿಕೆಗೆ ಹೋಯಿತು. ಸರ್ ಎಚ್. ಡಿ. ಗ್ರಿಫಿನ್ ಅವರು 1914ರಲ್ಲಿ ತೀರ್ಪನ್ನಿತ್ತರು. ಇಂಡಿಯಾ ಸರ್ಕಾರದವರು 1916ರಲ್ಲಿ ಅದನ್ನು ಸ್ಥಿರಪಡಿಸಿದರೂ ಮದರಾಸಿನವರು ಲಂಡನ್ನಿನವರೆಗೆ ಅಪೀಲು ಮಾಡಿದರು. ಕಡೆಗೆ 1924ನೆಯ ಫೆಬ್ರವರಿ 18ರಲ್ಲಿ ಉಭಯರೂ ಒಪ್ಪಂದಕ್ಕೆ ಬಂದರು. ಮೈಸೂರಿಗೆ 124 ಅಡಿ ಎತ್ತರದವರೆಗೆ ನೀರು ನಿಲ್ಲಿಸುವ ಅಧಿಕಾರವು ದೊರೆಯಿತು. ಮದರಾಸಿಗೆ 93½ ಸಾವಿರ ದಶಲಕ್ಷ ಘನ ಅಡಿಗಳ ಮೆಟ್ಟೂರು ಜಲಾಶಯವು ದೊರೆಯಿತು. ಕಟ್ಟೆಯಲ್ಲಿ ಯಾವಾಗ ನೀರನ್ನು ಹಿಡಿಯಬಹುದು, ಕೆಳಕ್ಕೆ ಎಷ್ಟನ್ನು ಬಿಡಬೇಕು ಎಂಬ ನಿಯಮಗಳನ್ನು ಒಪ್ಪಂದಕ್ಕೆ ಸೇರಿಸಿದರು. ತೀರ್ಪು ಕೊನೆಗಾಣಿಸಲಾರದ ತಕರಾರು, ಉಭಯರಿಗೂ ಲಾಭವಿದ್ದ ಮತ್ತು ಅಳತೆಗೆ ಸಿಕ್ಕತಕ್ಕ ಕರಾರಿನಿಂದ ಶಮನವಾಯಿತೆಂಬುದು ಗಮನಾರ್ಹ.

ಮುಳುಗಡೆಯವರು

ಹಳೆಯ ಕನ್ನಂಬಾಡಿಯು ವೇಣುಗೋಪಾಲಸ್ವಾಮಿ ದೇವಾಲಯದೊಡನೆ ನೀರಿನಲ್ಲಿ ಮುಳುಗಿತು. ದೇವಾಲಯವನ್ನು ಕಿತ್ತು ಹೊಸ ಕನ್ನಂಬಾಡಿಯ ದಡದಲ್ಲಿ ಪುನಃ ನಿಲ್ಲಿಸಿದುದು ಈ ಶತಮಾನದಲ್ಲಿ. ಜಮೀನಿನ ಬೆಲೆಯನ್ನು ಎಣಿಸಿಕೊಡುವುದರಿಂದ ಮಾತ್ರ ಒಕ್ಕಲಿನ ನಷ್ಟವು ತುಂಬುವುದಿಲ್ಲ. ಗೋಮಾಳ, ಬಾವಿ, ತೋಪು, ಗುಡಿ, ನೆರೆಹೊರೆ ಇವೆಲ್ಲವೂ ಬದುಕಿನ ಆಸ್ತಿಯೇ ಸರಿ. ಸ್ವಂತ ಜಮೀನಿಲ್ಲದ ಕೂಲಿಯವನಿಗೂ ಕಸಬಿನವನಿಗೂ ಜಮೀನಿನ ಬೆಲೆಯಲ್ಲಿ ಪಾಲೇ ಇರುವುದಿಲ್ಲ. 2013ರ ಭೂಸ್ವಾಧೀನ ಶಾಸನವು ಪರಿಹಾರದೊಡನೆ ಪುನರ್ವಸತಿಯನ್ನೂ ಸೇರಿಸಿರುವುದಕ್ಕೆ ಇದೇ ಕಾರಣ.

ಹೊಸ ನಾಲೆಯ ರೈತರು

ಲಾಭ ಹೊಂದತಕ್ಕವರಿಂದಲೂ ಅಪಾಯವುಂಟು. ನಾಲೆಯ ಮೊದಲ ಭಾಗದವರು ಬೇಕಾದಷ್ಟು ನೀರು ಕಟ್ಟಿದರೆ ಕೊನೆಯ ಭಾಗದವರ ಪೈರು ಒಣಗುವುದು. ಮೇಲಿನ ಜಮೀನು ಜೌಗಾಗುವುದು. ಇದನ್ನು ತಡೆಯುವುದಕ್ಕಾಗಿಯೇ, ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ನೀರಾ ನಾಲೆಯಲ್ಲಿ ರೂಢಿಗೆ ತಂದಿದ್ದ ಬ್ಲಾಕ್ ಪದ್ಧತಿಯನ್ನು ಇಲ್ಲಿಯೂ ಅನುಸರಿಸಿ, ಕಬ್ಬು, ಬತ್ತ ಮತ್ತು ಅರೆಖುಷ್ಕಿ ಬೆಳೆಗಳಿಗೆ ಸರದಿಯನ್ನು ಗೊತ್ತುಮಾಡಲಾಯಿತು. ಬೆಳೆದ ಕಬ್ಬಿಗೆ ಗಿರಾಕಿ ಬೇಕು. ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿಯು ಸ್ಥಾಪಿತವಾಗಿ ಆ ಕೊರತೆಯೂ ನೀಗಿತು.

ಮಳೆ ಕಡಮೆಯಾದ ವರ್ಷ

ಒಪ್ಪಂದದ ನಿಜವಾದ ಪರೀಕ್ಷೆಯು ಹೊಳೆ ತುಂಬಿದಾಗ ಆಗುವುದಿಲ್ಲ, ಬತ್ತಿದಾಗ ಆಗುತ್ತದೆ. 1924ರ ಒಪ್ಪಂದದ ಕೆಲವು ಅಂಶಗಳನ್ನು 50 ವರ್ಷಗಳ ತರುವಾಯ ಪುನರ್ವಿಮರ್ಶೆ ಮಾಡಬೇಕೆಂದಿತ್ತು. 1974 ಕಳೆದರೂ ಹೊಸ ಒಪ್ಪಂದವು ಏರ್ಪಡಲಿಲ್ಲ. 1990ರಲ್ಲಿ ನ್ಯಾಯಮಂಡಲಿಯು ನೇಮಕವಾಯಿತು. 1995, 2002, 2012, 2016ನೆಯ ಇಸವಿಗಳಲ್ಲಿ ಮಳೆ ಸಾಲದೆ ಹೋಗಿ, ಎರಡು ರಾಜ್ಯಗಳ ರೈತರೂ ಸಂಕಟಕ್ಕೀಡಾದರು. ನ್ಯಾಯಮಂಡಲಿಯು 2007ರ ತೀರ್ಪಿನಲ್ಲಿ, ಹುಟ್ಟುವಳಿ ಕಡಮೆಯಾದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಮೆಯಾಗತಕ್ಕದ್ದೆಂದು ವಿಧಿಸಿತು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಕರ್ನಾಟಕದ ಪಾಲನ್ನು 284.75 ಸಾವಿರ ದಶಲಕ್ಷ ಘನ ಅಡಿಗಳೆಂದು ನಿರ್ಣಯಿಸಿತು. ಉಸ್ತುವಾರಿಗೆ ಪ್ರಾಧಿಕಾರವೂ ಅದೇ ವರ್ಷ ರಚಿತವಾಯಿತು.

ಗ್ರಾಮದ ಕೆರೆಗೂ ಇದೇ ನ್ಯಾಯ

ಊರ ಕೆರೆಯ ಕೋಡಿಯನ್ನು ಒಂದು ಮೊಳ ಏರಿಸಿದರೂ ಹಿನ್ನೀರಿನವನ ಹೊಲವು ಮುಳುಗುವುದು, ಕೆಳಗಿನ ಕೆರೆಗೆ ನೀರು ತಡವಾಗುವುದು. ಆದಕಾರಣ ಚಿಕ್ಕ ಕೆಲಸದಲ್ಲಿಯೂ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಮೇಲು:

1. ಕೆಲಸಕ್ಕೆ ಮುಂಚೆ ಮೇಲಿನವರು, ಕೆಳಗಿನವರು, ಅಚ್ಚುಕಟ್ಟಿನವರು, ದನ ಮೇಯಿಸುವವರು, ಮೀನು ಹಿಡಿಯುವವರು ಇವರೆಲ್ಲರ ಪಟ್ಟಿಯನ್ನು ಮಾಡತಕ್ಕದ್ದು.

2. ಪೂರ್ವದ ಹಕ್ಕುಗಳನ್ನು ಬರೆದಿಟ್ಟು, ನೀರಿನ ಮಟ್ಟವನ್ನು ಎಲ್ಲರೂ ನೋಡುವಂತೆ ಕಲ್ಲಿನಲ್ಲಿ ಗುರುತಿಸತಕ್ಕದ್ದು.

3. ಮುಂದೆ ವಿಸ್ತರಿಸುವ ಉದ್ದೇಶವಿದ್ದರೆ ಮೊದಲೇ ಪ್ರಕಟಿಸತಕ್ಕದ್ದು.

4. ನೀರು ಸಾಲದ ವರ್ಷದಲ್ಲಿ ಯಾರ ಪಾಲು ಎಷ್ಟು ಇಳಿಯಬೇಕೆಂಬುದನ್ನು ನೀರು ತುಂಬಿದ ವರ್ಷದಲ್ಲಿಯೇ ನಿರ್ಣಯಿಸತಕ್ಕದ್ದು.

ಇವುಗಳಲ್ಲಿ ನಾಲ್ಕನೆಯದು ಅತಿ ಮುಖ್ಯ. ಕೆರೆ ತುಂಬಿರುವಾಗ ನೆರೆಯವನ ಕಷ್ಟವನ್ನು ಕೇಳುವ ತಾಳ್ಮೆಯು ಎಲ್ಲರಿಗೂ ಇರುವುದು. ಪೈರು ಬಾಡುವಾಗ ಅದು ಯಾರಿಗೂ ಉಳಿಯದು.