ಘಾಟಿ ಇಳಿಯುವ ಬೈಕು, ನಮ್ಮ ವಿಜ್ಞಾನದ ಪಾಠ

ತೀರ್ಥಹಳ್ಳಿಯಿಂದ ಆಗುಂಬೆಗೆ ಸುಮಾರು 30 ಕಿ.ಮೀ. ದಾರಿ. ಭಾನುವಾರ ಬಂತೆಂದರೆ ಈ ದಾರಿಯಲ್ಲಿ ಬೈಕುಗಳದ್ದೇ ಸಾಲು. ಮೊದಲು ಗದ್ದೆ, ಅಡಿಕೆ ತೋಟ. ಆಮೇಲೆ ಬಿಸಿಲು ನೆಲ ಮುಟ್ಟದಂಥ ಕಾಡು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. 1946ರ ಆಗಸ್ಟ್ ತಿಂಗಳೊಂದರಲ್ಲೇ ಇಲ್ಲಿ 4,508 ಮಿ.ಮೀ. ಮಳೆ ಬಿದ್ದ ದಾಖಲೆಯಿದೆ. ಅಂದರೆ ನಾಲ್ಕೂವರೆ ಮೀಟರ್, ನಮ್ಮ ತರಗತಿಯ ಮಾಡಿಗಿಂತ ಎತ್ತರ! ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ಚಿತ್ರೀಕರಣ ಆದದ್ದೂ ಇಲ್ಲೇ. ಮೋಡವಿಲ್ಲದ ಸಂಜೆ ಸೂರ್ಯಾಸ್ತದ ಕಟ್ಟೆಯಿಂದ ಅರಬ್ಬೀ ಸಮುದ್ರ ಕಾಣುತ್ತದೆ.

ಗೆಳೆಯರೇ, ನೋಡೋಕೆ ಚೆಂದವೇ. ಆದರೆ ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವುಗಳಿವೆ. ನಮ್ಮಲ್ಲಿ ಎಷ್ಟೋ ಜನರ ಅಣ್ಣಂದಿರು ವಾರ ವಾರ ಅಲ್ಲಿಗೆ ಹೋಗುತ್ತಾರೆ. ಅದಕ್ಕೇ ಈ ಲೆಕ್ಕ.

ತಿರುವಿನಲ್ಲಿ ಬೈಕು ಒಳಗಡೆಗೆ ವಾಲಲೇಬೇಕು, ಇಲ್ಲವಾದರೆ ಹೊರಗಡೆಗೆ ಮಗುಚುತ್ತದೆ. ಎಷ್ಟು ವಾಲಬೇಕು? ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು 9.8ರ ಗುಣಲಬ್ಧದಿಂದ ಭಾಗಿಸಿದರೆ ವಾಲುವ ಕೋನದ ಟ್ಯಾಂಜೆಂಟ್ ಸಿಗುತ್ತದೆ. ತ್ರಿಜ್ಯ 10 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್; ಆಗ ಸುಮಾರು 14 ಡಿಗ್ರಿ ಸಾಕು. ಗಂಟೆಗೆ 36 ಕಿ.ಮೀ. ಆದರೆ? ಸುಮಾರು 45 ಡಿಗ್ರಿ! ವೇಗ ಎರಡು ಪಟ್ಟು, ಬೇಕಾದ ಹಿಡಿತ ನಾಲ್ಕು ಪಟ್ಟು. ಒದ್ದೆ ರಸ್ತೆ, ಮೇಲೆ ಕೊಳೆತ ಎಲೆ. ಅಷ್ಟು ಹಿಡಿತ ಟೈರಿಗೆ ಎಲ್ಲಿಂದ ಬರಬೇಕು?

ಇನ್ನು ಬ್ರೇಕು. ನನ್ನ ಮಾವನ ಹತ್ತಿರ ಹಳೇ ಯೆಜ್ಡಿ ಇದೆ. 1996ರಲ್ಲಿ ಮುಚ್ಚಿಹೋದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. "ಮಾವ, ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿದ್ರೆ ಪೆಟ್ರೋಲ್ ಉಳಿಯಲ್ವಾ?" ಅಂತ ಕೇಳಿದೆ. "ಪೆಟ್ರೋಲ್ ಉಳಿಯುತ್ತೆ, ನಾವು ಉಳಿಯಲ್ಲ ಕಣೋ" ಅಂದರು. ಯಾಕೆ ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. ಬೈಕು 140 ಕಿಲೋ, ಇಬ್ಬರು ಸವಾರರು 130 ಕಿಲೋ, ಒಟ್ಟು 270. ಇಳಿಯುವ ಎತ್ತರ ಸುಮಾರು 500 ಮೀಟರ್. ಗುಣಿಸಿದರೆ 13 ಲಕ್ಷ ಜೂಲ್ ದಾಟುತ್ತದೆ. ನಾಲ್ಕು ಲೀಟರ್ ತಣ್ಣೀರು ಕುದಿ ಬರುವಷ್ಟು ಶಾಖ! ಅದರಲ್ಲಿ ಹೆಚ್ಚಿನ ಪಾಲು ಬ್ರೇಕಿನ ಸಣ್ಣ ಡ್ರಮ್ಮಿಗೇ ಹೋದರೆ ಲೈನಿಂಗ್ ಕಾದು ಹಿಡಿತ ಬಿಡುತ್ತದೆ. ಆದ್ದರಿಂದ ಹತ್ತಿದ ಗೇರಿನಲ್ಲೇ ಇಳಿಯಬೇಕು. ಇಂಜಿನ್ನೇ ಚಕ್ರವನ್ನು ತಡೆಯುತ್ತದೆ.

ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಯಲ್ಲಿ ಇನ್ನೊಂದು ತಕರಾರು. ಇಂಜಿನ್ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಆಕ್ಸಲರೇಟರ್ ಪೂರಾ ಮುಚ್ಚಿ ತುಂಬಾ ಹೊತ್ತು ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದು. ಮಾವ ಆಗಾಗ ಕ್ಲಚ್ ಹಿಡಿದು ಒಂಚೂರು ಆಕ್ಸಲರೇಟರ್ ಕೊಡುವುದು ಅದಕ್ಕೇ. ಫೋರ್-ಸ್ಟ್ರೋಕ್ ಬೈಕಿಗೆ ಈ ಚಿಂತೆಯಿಲ್ಲ, ಅದರ ಎಣ್ಣೆ ಬೇರೆಯೇ ಇರುತ್ತದೆ.

ಘಾಟಿಯಲ್ಲಿ ಹತ್ತಿ ಬರುವ ಗಾಡಿಗೆ ಮೊದಲು ದಾರಿ. ಅದು ನಿಂತರೆ ಮತ್ತೆ ಹೊರಡೋದು ಕಷ್ಟ. ಹೆಲ್ಮೆಟ್ ಹಿಂದೆ ಕೂತವರಿಗೂ ಕಡ್ಡಾಯ. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಇದನ್ನು ಜಾರಿಗೆ ತಂದರು. ನನಗೆ ತಲೆ ಬಿಗಿ ಎನಿಸುತ್ತೆ ಅಂದರೆ ಮಾವ ಗಾಡಿ ಸ್ಟಾರ್ಟ್ ಮಾಡೋದೇ ಇಲ್ಲ.

ತಿರುವಿನ ತ್ರಿಜ್ಯ 15 ಮೀಟರ್ ಆದರೆ 36 ಕಿ.ಮೀ. ವೇಗಕ್ಕೆ ಎಷ್ಟು ಡಿಗ್ರಿ ವಾಲಬೇಕು? ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿ. ವಿಜ್ಞಾನದ ಮೇಷ್ಟ್ರು ಶನಿವಾರ ನೋಡುತ್ತಾರೆ.