ಮಗುವಿನ ಗುಟ್ಟು, ವೈದ್ಯರ ಹೊಣೆ

ಎಂಟು ವರ್ಷದ ಹುಡುಗಿ. ಮೂರು ದಿನದಿಂದ ಉರಿಮೂತ್ರ, ಹೊಟ್ಟೆನೋವು ಎಂದು ತಾಯಿ ಕರೆತಂದಿರುತ್ತಾಳೆ. ಪರೀಕ್ಷಿಸಲು ಹೋದರೆ ಮಗು ಮುದುಡಿಕೊಳ್ಳುತ್ತದೆ. ತೊಡೆಯ ಒಳಭಾಗದಲ್ಲಿ ಬೆರಳು ಒತ್ತಿದಂಥ ಕಲೆಗಳು. ವೈದ್ಯರು ಮೆಲ್ಲಗೆ ವಿಚಾರಿಸಿದಾಗ ತಾಯಿ ಕಣ್ಣೊರೆಸಿಕೊಂಡು, ‘ಮನೆಯವರೇ ಒಬ್ಬರು ಡಾಕ್ಟ್ರೇ. ಔಷಧಿ ಕೊಟ್ಟುಬಿಡಿ, ಮಾತು ಇಲ್ಲಿಗೇ ನಿಲ್ಲಲಿ. ನಾಳೆ ಇವಳ ಮದುವೆ ಆಗಬೇಡವೇ?’ ಎನ್ನುತ್ತಾಳೆ.

ಮಕ್ಕಳ ವೈದ್ಯರಿಗೆ ಇಂಥ ಸನ್ನಿವೇಶ ಹೊಸದೇನಲ್ಲ. ರೋಗಿಯ ಗುಟ್ಟನ್ನು ಕಾಯಬೇಕೆಂಬುದು ಹಿಪಾಕ್ರಟಿಸನ ಪ್ರತಿಜ್ಞೆಯಿಂದಲೂ ನಡೆದುಬಂದ ನಿಯಮ. ಆದರೆ ಇಲ್ಲಿ ರೋಗಿ ತಾಯಿಯಲ್ಲ, ಮಗು. ಒಳಿತು ಮಾಡು, ಕೇಡು ಮಾಡಬೇಡ ಎಂಬ ವೈದ್ಯನೀತಿಯ ಮೊದಲ ಮಾತುಗಳು ಅನ್ವಯಿಸುವುದು ಆ ಮಗುವಿಗೆ. ಮಾತ್ರೆ ಕೊಟ್ಟು ಸುಮ್ಮನಾದರೆ ಸೋಂಕು ವಾಸಿಯಾಗಬಹುದು. ಮಗು ಮಾತ್ರ ಅದೇ ಮನೆಗೆ, ಅದೇ ವ್ಯಕ್ತಿಯ ಬಳಿಗೆ ಹಿಂತಿರುಗುತ್ತದೆ.

ಕಾನೂನು ಈ ಗೊಂದಲಕ್ಕೆ ಎಡೆಯನ್ನೇ ಬಿಟ್ಟಿಲ್ಲ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದರೆ ಅಥವಾ ನಡೆಯಬಹುದೆಂಬ ಆತಂಕವಿದ್ದರೆ, ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಾಸ್ಟೆಲ್ ಬಾಲಕಿಯರ ಪ್ರಕರಣದಲ್ಲಿ ವೈದ್ಯರೊಬ್ಬರ ಮೇಲಿನ ಇಂಥದೇ ಆರೋಪವನ್ನು ಹೈಕೋರ್ಟ್ ರದ್ದುಪಡಿಸಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ಸುಮ್ಮನಿರುವುದು ಗಂಭೀರ ಅಪರಾಧವೆಂದಿತು.

ಇನ್ನು ಮನೆಯವರು ತಿಳಿದಿರಬೇಕಾದ ಸಂಗತಿಗಳು. ‘ಮೊದಲು ಠಾಣೆಗೆ ಹೋಗಿ ಕಾಗದ ತನ್ನಿ’ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ದೂರು ದಾಖಲಾಗದಿದ್ದರೂ ಪರೀಕ್ಷೆ ನಡೆಯಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಇಂಥ ಮಗುವಿಗೆ ಚಿಕಿತ್ಸೆ ಉಚಿತ. ಹೆಣ್ಣು ಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು; ತಂದೆ, ತಾಯಿ ಅಥವಾ ಮಗು ನಂಬುವ ಇನ್ನೊಬ್ಬರು ಹತ್ತಿರವಿರಬೇಕು. ಹನ್ನೆರಡು ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಮಗು ಪರೀಕ್ಷೆ ಬೇಡವೆಂದರೂ ಚಿಕಿತ್ಸೆ ತಪ್ಪಿಸಬಾರದು. ‘ಎರಡು ಬೆರಳಿನ ಪರೀಕ್ಷೆ’ ಎಂಬ ಹಳೆಯ ಅವಮಾನವನ್ನು ಈಗಲೂ ನಡೆಸುವ ವೈದ್ಯರು ದುರ್ನಡತೆಯ ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ತಡ ಮಾಡಿದಷ್ಟೂ ನಷ್ಟ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ದೇಹದ ಮೇಲಿನ ಸಾಕ್ಷ್ಯ ಸಾಮಾನ್ಯವಾಗಿ 96 ಗಂಟೆಯವರೆಗೆ ಸಿಗಬಹುದು. ಸ್ನಾನ ಮಾಡಿಸಿ ಬಟ್ಟೆ ಒಗೆದು ‘ಶುದ್ಧಿ’ ಮಾಡುವುದು ನಮ್ಮ ಹೆಂಗಸರ ಸಹಜ ಪ್ರವೃತ್ತಿ. ಆ ಕ್ಷಣ ಅದನ್ನು ತಡೆದುಕೊಳ್ಳಬೇಕು. ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದ ಚೀಲದಲ್ಲಿಡಿ. ಮಗುವನ್ನು ಹತ್ತು ಸಲ ಒಂದೇ ಪ್ರಶ್ನೆ ಕೇಳಬೇಡಿ.

ಆದರೆ ಕಾನೂನಿನ ಈ ಬಿಗಿ ಎಲ್ಲ ಕಡೆಯೂ ಒಳ್ಳೆಯದನ್ನೇ ಮಾಡುತ್ತದೆ ಎನ್ನಲಾರೆ. ಹದಿನಾರು, ಹದಿನೇಳರ ಹುಡುಗಿ ತಾನೇ ಒಲಿದವನಿಂದ ಗರ್ಭಿಣಿಯಾದರೂ ಕಾಯಿದೆಯ ಕಣ್ಣಿನಲ್ಲಿ ಅದು ಅಪರಾಧವೇ. ಪೊಲೀಸರ ಹೆದರಿಕೆಗೆ ಆಕೆ ನಕಲಿ ವೈದ್ಯರ ಕೈಗೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಇದನ್ನರಿತೇ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ, ಇಂಥ ಗರ್ಭಪಾತದ ಸಂದರ್ಭದಲ್ಲಿ ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಹೆಸರು, ಗುರುತು ತಿಳಿಸಬೇಕಿಲ್ಲ ಎಂದಿತು. ಮಾಹಿತಿ ಕೊಡುವುದು ಮಾತ್ರ ತಪ್ಪುವುದಿಲ್ಲ.

ಎಂಟು ವರ್ಷದ ಹುಡುಗಿಯ ತಾಯಿಗೆ ವೈದ್ಯರು ಹೇಳಬೇಕಾದ ಮಾತೂ ಇದೆ. ಮಗುವಿನ ಗುರುತು ಸಿಗುವಂಥ ಯಾವ ವಿವರವನ್ನೂ ಪತ್ರಿಕೆಗಳು ಪ್ರಕಟಿಸುವಂತಿಲ್ಲ, ಅದೂ ಅದೇ ಕಾಯಿದೆ. ಠಾಣೆಗೆ ಹೋಗಲು ಅಂಜಿಕೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು, ಹಗಲು ರಾತ್ರಿ ಯಾವಾಗಲಾದರೂ.