ದೂರದ ಗ್ರಹಗಳನ್ನು ಕಂಡ ಯಂತ್ರ

ಸೂರ್ಯಮಂಡಲದ ಪಾಠವನ್ನು ಹೇಳಿಕೊಡುವಾಗ ಬಾಲಿಕೆಯರು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: ಮನುಷ್ಯನು ಕಾಲಿಡದ ಸ್ಥಳದ ಸಂಗತಿಯು ತಿಳಿದುದು ಹೇಗೆ? ಪ್ರಶ್ನೆಯು ಯೋಗ್ಯವಾದುದು. ದೂರದರ್ಶಕ ಯಂತ್ರದಿಂದ ಕೆಲವಂಶಗಳು ತಿಳಿದುಬಂದವು. ಆದರೆ ಯುರೇನಸ್, ನೆಪ್ಚೂನ್ ಎಂಬ ಕಡೆಯ ಎರಡು ಗ್ರಹಗಳ ಸಮೀಪಕ್ಕೆ ಹೋಗಿ ನೋಡಿದ ಯಂತ್ರವು ಇದುವರೆಗೆ ಒಂದೇ ಒಂದು. ಅದು ಅಮೇರಿಕಾದ ನಾಸಾ ಸಂಸ್ಥೆಯವರು 1977ನೆಯ ಇಸವಿ ಆಗಸ್ಟ್ 20ರಂದು ಹಾರಿಸಿದ ವಾಯೇಜರ್ 2.

ಅಷ್ಟು ದೂರಕ್ಕೆ ರಾಕೆಟ್ಟಿನ ಬಲವೊಂದೇ ಸಾಲದು. ನೆಟ್ಟಗೆ ಹೋದರೆ ನೆಪ್ಚೂನನ್ನು ಸೇರಲು ಸುಮಾರು 30 ವರ್ಷಗಳು ಬೇಕಾಗುತ್ತಿದ್ದುವು. ವಾಯೇಜರ್ 12 ವರ್ಷಗಳಲ್ಲಿ ಸೇರಿತು. ಓಡುವ ಗಾಡಿಯ ಹಿಂಬದಿಯನ್ನು ಹಿಡಿದು ನಾಲ್ಕು ಹೆಜ್ಜೆ ಓಡಿ ಕೈಬಿಟ್ಟ ಹುಡುಗನು ಮೊದಲಿಗಿಂತ ವೇಗವಾಗಿ ಮುಂದೆ ಸಾಗುವನಷ್ಟೆ. (ಹುಡುಗಿಯರೂ ಹಾಗೆ ಮಾಡುವುದನ್ನು ನಾವು ಬಲ್ಲೆವು.) ಇಲ್ಲಿ ಗಾಡಿಯೆಂದರೆ ಸೂರ್ಯನನ್ನು ಸುತ್ತುತ್ತಿರುವ ಗುರುಗ್ರಹ, ಹಿಡಿಯುವ ಕೈಯೆಂದರೆ ಅದರ ಗುರುತ್ವಾಕರ್ಷಣ. ಗುರುವು ತನ್ನ ವೇಗದಲ್ಲಿ ಅಳೆಯಲಾರದಷ್ಟು ಸ್ವಲ್ಪವನ್ನು ಕಳೆದುಕೊಂಡಿತು. ಯಂತ್ರವು ಬಹಳವಾಗಿ ಗಳಿಸಿತು. ಗುರುವಿನಿಂದ ಶನಿಗೂ, ಶನಿಯಿಂದ ಯುರೇನಸಿಗೂ, ಅಲ್ಲಿಂದ ನೆಪ್ಚೂನಿಗೂ ಹೀಗೆಯೇ ದಾಟಬೇಕಾದರೆ ನಾಲ್ಕು ಗ್ರಹಗಳೂ ತಕ್ಕ ಸ್ಥಾನಗಳಲ್ಲಿರಬೇಕು. ಅಂಥ ಯೋಗವು ಸುಮಾರು 176 ವರ್ಷಗಳಿಗೊಮ್ಮೆ ಮಾತ್ರ ಒದಗುವುದು.

ಈ ಯಾತ್ರೆಯು ಗುರುಗ್ರಹವನ್ನು ಮುಟ್ಟುವ ಮೊದಲೇ ಕೆಟ್ಟುಹೋಗುವಂತಿದ್ದಿತು. 1978ರ ಏಪ್ರಿಲ್ ತಿಂಗಳಲ್ಲಿ ಯಂತ್ರದ ಮುಖ್ಯ ರೇಡಿಯೋ ಗ್ರಾಹಕವು ನಿಂತುಹೋಯಿತು. ಎರಡನೆಯ ಗ್ರಾಹಕದಲ್ಲಿಯೂ ದೋಷವಿದ್ದುದರಿಂದ, ಅದು ಭೂಮಿಯ ಧ್ವನಿಯನ್ನು ತಾನಾಗಿ ಹಿಂಬಾಲಿಸಿ ಹಿಡಿಯಲಾರದೆ, ಬಹು ಇಕ್ಕಟ್ಟಾದ ಒಂದು ಅಲೆಪಟ್ಟಿಯಲ್ಲಿ ಮಾತ್ರ ಕೇಳಬಲ್ಲುದಾಗಿತ್ತು. ಆ ಪಟ್ಟಿಯೋ, ಯಂತ್ರದ ಬಿಸಿ ಹೆಚ್ಚುಕಡಿಮೆಯಾದಂತೆ ಸರಿಯುತ್ತಿದ್ದಿತು. ರಿಪೇರಿ ಮಾಡಲು ಹೋಗುವವರಾರು? ಆದುದರಿಂದ ಭೂಮಿಯ ಮೇಲಿದ್ದವರೇ, ಯಂತ್ರದ ಶಾಖವೆಷ್ಟು, ವೇಗದಿಂದ ಅಲೆಯು ಎಷ್ಟು ಬದಲಾಗುವುದು ಎಂದು ಪ್ರತಿಸಾರಿಯೂ ಲೆಕ್ಕಹಾಕಿ, ಅದು ಕೇಳಬಲ್ಲ ಸ್ವರದಲ್ಲಿಯೇ ಆಜ್ಞೆಗಳನ್ನು ಕಳುಹಿಸಿದರು. ಮುಂದೆ ಬಂದ ಎಲ್ಲ ಚಿತ್ರಗಳೂ ಈ ಲೆಕ್ಕದ ಫಲಗಳು. ಗಣಿತವು ಯಾವ ಉಪಯೋಗಕ್ಕೆಂದು ಕೇಳುವ ಪೋಷಕರಿಗೆ ನಾವು ಈ ಸಂಗತಿಯನ್ನೇ ಹೇಳುತ್ತೇವೆ.

1986ರ ಜನವರಿಯಲ್ಲಿ ಯುರೇನಸನ್ನೂ, 1989ರ ಆಗಸ್ಟ್ 25ರಂದು ನೆಪ್ಚೂನನ್ನೂ ಅದು ಹಾದುಹೋಯಿತು. ನೆಪ್ಚೂನಿನ ಬಳಿ ಸೂರ್ಯನ ಬೆಳಕು ನಮ್ಮಲ್ಲಿಯದರ ಸುಮಾರು 900ರಲ್ಲಿ ಒಂದು ಪಾಲು. ಕ್ಯಾಮರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಓಡುವ ಯಂತ್ರದಲ್ಲಿ ಹಾಗೆ ಮಾಡಿದರೆ ಚಿತ್ರವು ಕದಡುವುದು. ಆದುದರಿಂದ ಯಂತ್ರವನ್ನೇ ಮೆಲ್ಲಗೆ ತಿರುಗಿಸುತ್ತಾ ಚಿತ್ರ ತೆಗೆಯಲಾಯಿತು. ಆ ಚಿತ್ರಗಳು ರೇಡಿಯೋ ಅಲೆಗಳಾಗಿ ನಮ್ಮನ್ನು ಮುಟ್ಟಲು ನಾಲ್ಕು ಗಂಟೆಗಳಿಗೂ ಮಿಕ್ಕಿ ಹಿಡಿಯಿತು. ನೆಪ್ಚೂನಿನ ಚಂದ್ರನಾದ ಟ್ರೈಟನ್ ಅತ್ಯಂತ ಶೀತಲವಾಗಿದ್ದರೂ, ಅದರ ನೆಲದಿಂದ ಕಪ್ಪುಹೊಗೆಯಂಥ ಬುಗ್ಗೆಗಳು ಮೇಲೇಳುತ್ತಿದ್ದುದು ಆಗ ಕಂಡಿತು.

ಜೊತೆಯ ಯಂತ್ರವಾದ ವಾಯೇಜರ್ 1ರ ವಿಷಯವಾಗಿ ಒಂದು ಮಾತು. 1979ರ ಮಾರ್ಚ್‌ನಲ್ಲಿ ಗುರುವಿನ ಚಂದ್ರನಾದ ಅಯೋವಿನ ಚಿತ್ರವೊಂದನ್ನು ಲಿಂಡಾ ಮೊರಾಬಿಟೋ ಎಂಬ ಮಹಿಳೆಯು ಪರೀಕ್ಷಿಸುತ್ತಿದ್ದರು. ಯಂತ್ರವಿರುವ ಸ್ಥಾನವನ್ನು ಗೊತ್ತುಮಾಡಲು ಮಸುಕಾದ ನಕ್ಷತ್ರಗಳನ್ನು ಹುಡುಕುವುದೇ ಅವರ ಕೆಲಸ. ಅಯೋವಿನ ಅಂಚಿನಲ್ಲಿ ಛತ್ರಿಯಾಕಾರದ ಮಬ್ಬೊಂದು ಕಂಡಿತು. ಬೇರೆಯವರಾಗಿದ್ದರೆ ಚಿತ್ರದ ದೋಷವೆಂದು ಬಿಟ್ಟುಬಿಡುತ್ತಿದ್ದರೇನೋ, ಅವರು ಬಿಡಲಿಲ್ಲ. ಭೂಮಿಯ ಹೊರಗೆ ಕಂಡುಹಿಡಿಯಲ್ಪಟ್ಟ ಮೊದಲನೆಯ ಜೀವಂತ ಜ್ವಾಲಾಮುಖಿಯು ಅದೇ.

ಎರಡು ಯಂತ್ರಗಳಲ್ಲಿಯೂ ಚಿನ್ನದ ಲೇಪವುಳ್ಳ ಒಂದೊಂದು ಧ್ವನಿಮುದ್ರಿಕೆಯನ್ನು ಇಟ್ಟಿರುವರು. ಅದರಲ್ಲಿ 55 ಭಾಷೆಗಳ ವಂದನೆಗಳಿವೆ; ನಮ್ಮ ಕನ್ನಡದ ವಂದನೆಯೂ ಇದೆ. ವಾಯೇಜರ್ 2 ಎಂಬ ಯಂತ್ರವು 2018ರ ನವೆಂಬರ್‌ನಲ್ಲಿ ಸೂರ್ಯನ ಗಾಳಿಯ ಎಲ್ಲೆಯನ್ನು ದಾಟಿ, ನಕ್ಷತ್ರಗಳ ನಡುವಣ ಬಯಲಿಗೆ ಆ ಮಾತನ್ನೂ ಹೊತ್ತುಕೊಂಡು ಹೋಯಿತು.